ಅಮೇರಿಕೆಯ ಸ್ತ್ರೀಸ್ವಾತಂತ್ರ್ಯದ ಆಂದೋಲನದಲ್ಲಿ ಸಭಾಭಾಷಣದ ಸ್ಥಾನ

ಜನಾಂಗಗಳ ಹಕ್ಕುಬಾಧ್ಯತೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಾಯದೆಗಳಿಂದ ಪ್ರಾರಂಭಿಸುತ್ತಾರೆ. ಇಂಥ ಇಸವಿಯಲ್ಲಿ ಇಂಥ ಶಾಸನವು ಜಾರಿಗೆ ಬಂದಿತು, ಇಂಥ ದಿನ ಇಂಥವರಿಗೆ ಮತಾಧಿಕಾರವು ಲಭಿಸಿತು ಎಂಬಷ್ಟರಿಂದಲೇ ಅವರು ತೃಪ್ತರಾಗುವದುಂಟು. ಆದರೆ ಕಾಯದೆಯ ಹಿಂದೆ ಅರ್ಜಿಯೂ, ಅರ್ಜಿಯ ಹಿಂದೆ ಚರ್ಚೆಯೂ, ಚರ್ಚೆಯ ಹಿಂದೆ ಯಾರೋ ಒಬ್ಬರು ಎದ್ದುನಿಂತು ನಾಲ್ಕು ಜನರ ಮುಂದೆ ಆಡಿದ ಮಾತೂ ಇದ್ದೇ ಇರುತ್ತವೆ. ಆ ಮಾತನ್ನಾಡುವದಕ್ಕೇ ಅಧಿಕಾರವಿಲ್ಲದವರು ಮಿಕ್ಕ ಯಾವ ಅಧಿಕಾರವನ್ನು ತಾನೇ ಕೇಳಿಯಾರು? ಹತ್ತೊಂಬತ್ತನೆಯ ಶತಮಾನದಲ್ಲಿ ಅಮೇರಿಕೆಯ ಸಂಯುಕ್ತ ಸಂಸ್ಥಾನಗಳ ಸ್ತ್ರೀಯರು ನಡೆಸಿದ ಆಂದೋಲನವು ಈ ಪ್ರಶ್ನೆಗೆ ಕೊಟ್ಟ ಉತ್ತರವೇ ಆಗಿದೆ. ಆ ಆಂದೋಲನದಲ್ಲಿ ಭಾಷಣವು ಬರಿಯ ಸಾಧನವಾಗಿರಲಿಲ್ಲ. ಅದೇ ಮೊದಲನೆಯ ವಿವಾದ, ಅದೇ ಮೊದಲನೆಯ ಗೆಲವು.

ಆ ಕಾಲದ ಸ್ಥಿತಿಗತಿ

ಇಂಗ್ಲೆಂಡಿನಿಂದ ಬಂದ ಧರ್ಮಶಾಸ್ತ್ರದ ಮೇರೆಗೆ ಅಮೇರಿಕೆಯಲ್ಲಿ ಗಂಡಹೆಂಡಿರು ನ್ಯಾಯದ ದೃಷ್ಟಿಯಲ್ಲಿ ಒಂದೇ ವ್ಯಕ್ತಿ. ಆ ವ್ಯಕ್ತಿಯಾದರೋ ಗಂಡನು. ವಿವಾಹಿತೆಯು ದುಡಿದ ಕೂಲಿಯು ಗಂಡನ ಸೊತ್ತು. ತವರಿನಿಂದ ಬಂದ ಚರವಸ್ತುಗಳು ಅವನವು. ಮಕ್ಕಳ ಪಾಲಕನು ಅವನು. ಅವಳು ತನ್ನ ಹೆಸರಿನಿಂದ ಕರಾರು ಬರೆದುಕೊಡುವಂತಿರಲಿಲ್ಲ, ದಾವೆ ಹೂಡುವಂತಿರಲಿಲ್ಲ. ಇವೆಲ್ಲ ಶಾಸನದಲ್ಲಿ ಬರೆದಿಟ್ಟ ನಿರ್ಬಂಧಗಳು. ಯಾವ ಶಾಸನದಲ್ಲಿಯೂ ಬರೆಯದೆ, ಇವೆಲ್ಲಕ್ಕೂ ಕಾವಲಾಗಿ ನಿಂತ ಇನ್ನೊಂದು ನಿರ್ಬಂಧವಿದ್ದಿತು. ಗಂಡಸರೂ ಹೆಂಗಸರೂ ಕೂಡಿದ ಸಭೆಯಲ್ಲಿ ಸ್ತ್ರೀಯು ಬಾಯಿ ತೆರೆಯತಕ್ಕದ್ದಲ್ಲವೆಂಬದೇ ಅದು. ಅಂಥ ಸಭೆಗೆ ‘ಮಿಶ್ರಸಭೆ’ ಎಂಬರ್ಥದ ಹೆಸರನ್ನಿಟ್ಟು, ಅದರಲ್ಲಿ ಮಾತನಾಡಿದವಳ ಶೀಲವನ್ನೇ ಜನರು ಶಂಕಿಸುತ್ತಿದ್ದರು. ಸಂತ ಪೌಲನು ಕೊರಿಂಥದವರಿಗೂ ತಿಮೊಥಿಗೂ ಬರೆದ ಪತ್ರಗಳಲ್ಲಿ ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕೆಂದು ವಿಧಿಸಿರುವದೇ ಇದಕ್ಕೆ ಪ್ರಮಾಣವೆಂದು ಪಾದ್ರಿಗಳು ಸಾರುತ್ತಿದ್ದರು.

ಈ ಕಟ್ಟಿಗೆ ಒಳಪಡದ ಒಂದು ಸಣ್ಣ ಪಂಥವಿದ್ದಿತು. ಕ್ವೇಕರರೆಂದು ಕರೆಯಿಸಿಕೊಳ್ಳುವ ಆ ಪಂಥದವರಲ್ಲಿ ನೇಮಕಗೊಂಡ ಪುರೋಹಿತನಿಲ್ಲ. ಎಲ್ಲರೂ ಮೌನದಿಂದ ಕುಳಿತಿರುವಾಗ ಯಾರ ಅಂತರಂಗದಲ್ಲಿ ಪ್ರೇರಣೆಯಾಗುವದೋ ಅವರು ಎದ್ದು ಮಾತನಾಡಬಹುದು. ಗಂಡು ಹೆಣ್ಣೆಂಬ ಭೇದವಿಲ್ಲ. ಈ ಪಂಥದ ಆದಿಕಾಲದಲ್ಲಿಯೇ, 1666ನೆಯ ಇಸವಿಯಲ್ಲಿ, ಇಂಗ್ಲೆಂಡಿನ ಮಾರ್ಗರೆಟ್ ಫೆಲ್ ಎಂಬವಳು ಸೆರೆಮನೆಯಲ್ಲಿದ್ದುಕೊಂಡೇ ಸ್ತ್ರೀಯರ ಉಪದೇಶಾಧಿಕಾರವನ್ನು ಬೈಬಲಿನ ಆಧಾರದಿಂದಲೇ ಸಮರ್ಥಿಸಿ ಪುಸ್ತಿಕೆಯನ್ನು ಬರೆದಿದ್ದಳು. ಅಮೇರಿಕೆಯ ಲುಕ್ರೀಶಿಯಾ ಮಾಟ್ ಎಂಬ ಮಹಿಳೆಯನ್ನು 1821ರಲ್ಲಿ ಕ್ವೇಕರರು ಉಪದೇಶಕಿಯೆಂದು ಅಂಗೀಕರಿಸಿದರು. ಮುಂದೆ ಈ ಆಂದೋಲನದಲ್ಲಿ ಪ್ರಸಿದ್ಧರಾದ ಗ್ರಿಮ್ಕೆ ಸೋದರಿಯರು, ಆ್ಯಬಿ ಕೆಲಿ, ಸೂಸಾನ್ ಆಂಥನಿ ಇವರೆಲ್ಲರೂ ಈ ಪಂಥದ ಸಂಬಂಧವುಳ್ಳವರೇ. ಮನೆಯಂಗಳದಲ್ಲಿ ನಡೆಯಲು ಕಲಿತವರು ಊರಬೀದಿಯಲ್ಲಿ ನಡೆಯಲು ಅಂಜುವದಿಲ್ಲ. ಪ್ರಾರ್ಥನೆಯ ಸಭೆಯಲ್ಲಿ ಧ್ವನಿಯೆತ್ತಲು ಕಲಿತವರು ಲೋಕದ ಸಭೆಗೆ ಬಂದುದು ಹಾಗೆಯೇ.

ಮೊದಲ ಧ್ವನಿಗಳು

ಲೋಕದ ಸಭೆಯಲ್ಲಿ ಮೊದಲಿಗರಾಗಿ ನಿಂತವರಲ್ಲಿ ಫ್ರಾನ್ಸೆಸ್ ರೈಟ್ ಎಂಬವಳನ್ನು ಹೇಳಬೇಕು. ಸ್ಕಾಟ್ಲೆಂಡಿನ ಡಂಡೀ ಪಟ್ಟಣದಲ್ಲಿ 1795ರಲ್ಲಿ ಜನಿಸಿದ ಇವಳು 1828ನೆಯ ಇಸವಿ ಜುಲೈ 4ರಂದು ಇಂಡಿಯಾನಾ ಪ್ರಾಂತದ ನ್ಯೂ ಹಾರ್ಮನಿ ಎಂಬಲ್ಲಿ ಸ್ವಾತಂತ್ರ್ಯದಿನದ ಭಾಷಣವನ್ನು ಮಾಡಿದಳು. ಆಮೇಲೆ ಸಿನ್ಸಿನಾಟಿ, ನ್ಯೂಯಾರ್ಕ್ ಮೊದಲಾದ ಪಟ್ಟಣಗಳಲ್ಲಿ ಸ್ತ್ರೀಶಿಕ್ಷಣ, ಗುಲಾಮಗಿರಿ, ಪಾದ್ರಿಗಳ ಪ್ರಾಬಲ್ಯ ಇವುಗಳನ್ನು ಕುರಿತು ನಿರ್ಭೀತಿಯಿಂದ ಉಪನ್ಯಾಸಗಳನ್ನು ಕೊಟ್ಟಳು. ಸಹಸ್ರಾರು ಜನ ಕೇಳಿದರು. ವರ್ತಮಾನಪತ್ರಗಳು ಅವಳನ್ನು ಬಾಯಿಗೆ ಬಂದಂತೆ ಜರೆದವು. ಮುಂದೆ ಅನೇಕ ವರ್ಷಗಳವರೆಗೆ ವೇದಿಕೆಯನ್ನೇರಿದ ಯಾವ ಹೆಂಗಸನ್ನಾದರೂ ಹೀನಾಯಿಸಬೇಕಾದರೆ ‘ಇವಳೂ ಒಬ್ಬ ಫ್ಯಾನಿ ರೈಟಳು’ ಎಂದರೆ ಸಾಕಾಗುತ್ತಿದ್ದಿತು.

ರೈಟಳು ವಿದೇಶದಿಂದ ಬಂದವಳು, ಸಿರಿವಂತೆ. ಅವಳ ಹಿಂದೆಯೇ ಬಂದ ಮರಿಯಾ ಸ್ಟೂವರ್ಟಳು ಕರಿಯ ಜನಾಂಗದವಳು, ಬಡವಿ. 1803ರಲ್ಲಿ ಕನೆಕ್ಟಿಕಟ್ ಪ್ರಾಂತದ ಹಾರ್ಟ್‌ಫರ್ಡಿನಲ್ಲಿ ಜನಿಸಿ, ಐದನೆಯ ವರ್ಷಕ್ಕೇ ತಬ್ಬಲಿಯಾಗಿ, ಒಬ್ಬ ಪಾದ್ರಿಯ ಮನೆಯಲ್ಲಿ ಊಳಿಗಕ್ಕೆ ನಿಂತು ಬೆಳೆದವಳು. ಮದುವೆಯಾದ ಕೆಲವೇ ವರ್ಷಗಳಲ್ಲಿ, 1829ರಲ್ಲಿ, ಗಂಡನು ತೀರಿಕೊಂಡನು. ಅವನ ಆಸ್ತಿಯ ನಿರ್ವಾಹಕರು ವಿಧವೆಗೆ ಬರತಕ್ಕದ್ದನ್ನು ಅಪಹರಿಸಿದರು. ಇಂಥವಳು 1832ನೆಯ ಇಸವಿ ಸಪ್ಟಂಬರ 21ರಂದು ಬೋಸ್ಟನ್ ಪಟ್ಟಣದ ಫ್ರ್ಯಾಂಕ್ಲಿನ್ ಹಾಲಿನಲ್ಲಿ ಸ್ತ್ರೀಪುರುಷರಿಬ್ಬರೂ ನೆರೆದ ಸಭೆಯ ಮುಂದೆ ನಿಂತು ಮಾತನಾಡಿದಳು. ಅಮೇರಿಕೆಯಲ್ಲಿಯೇ ಹುಟ್ಟಿದ ಸ್ತ್ರೀಯರಲ್ಲಿ ಹೀಗೆ ರಾಜಕೀಯ ವಿಷಯವನ್ನೆತ್ತಿ ಮಿಶ್ರಸಭೆಯಲ್ಲಿ ಮಾತನಾಡಿದ ಮೊದಲಿಗರಲ್ಲಿ ಅವಳೊಬ್ಬಳೆಂದು ಚರಿತ್ರಕಾರರು ಎಣಿಸುತ್ತಾರೆ. ಕರಿಯ ಹೆಣ್ಣುಮಕ್ಕಳ ಬುದ್ಧಿಯು ಪಾತ್ರೆ ಪಡಗಗಳ ರಾಶಿಯ ಕೆಳಗೆ ಎಷ್ಟು ಕಾಲ ಹೂತಿರಬೇಕೆಂಬದು ಅವಳ ಪ್ರಶ್ನೆಯಾಗಿತ್ತು. ಅವಳ ಸ್ವಜನರೇ ಅದನ್ನು ಮೆಚ್ಚಲಿಲ್ಲ. ಸರಿಯಾಗಿ ಒಂದು ವರ್ಷಕ್ಕೆ, 1833ರ ಸಪ್ಟಂಬರದಲ್ಲಿ, ಅವಳು ಬೋಸ್ಟನ್ನಿನಿಂದ ಬೀಳ್ಕೊಳ್ಳುವ ಭಾಷಣವನ್ನು ಮಾಡಿ, ಬೈಬಲಿನ ದೆಬೋರಾ, ಎಸ್ತೇರರ ಉದಾಹರಣೆಗಳನ್ನು ಕೊಟ್ಟು, ದೇವರು ಹಿಂದೆ ಸ್ತ್ರೀಯರಿಂದ ನುಡಿಸಿರುವಾಗ ಈಗೇಕೆ ನುಡಿಸಬಾರದೆಂದು ವಾದಿಸಿ, ಉಪಾಧ್ಯಾಯವೃತ್ತಿಯನ್ನು ಕೈಕೊಂಡಳು. ಅವಳ ಉಪನ್ಯಾಸಗಳು ಗ್ಯಾರಿಸನ್ನನ ‘ಲಿಬರೇಟರ್’ ಪತ್ರದಲ್ಲಿ ಅಚ್ಚಾದುದರಿಂದ ಉಳಿದುಕೊಂಡವು.

ಗ್ರಿಮ್ಕೆ ಸೋದರಿಯರು

ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್ ಪಟ್ಟಣದ ಒಬ್ಬ ನ್ಯಾಯಾಧೀಶನಿಗೆ ಸಾರಾ, ಆ್ಯಂಜೆಲಿನಾ ಎಂಬ ಇಬ್ಬರು ಹೆಣ್ಣುಮಕ್ಕಳಿದ್ದರು. ಗುಲಾಮರ ದುಡಿಮೆಯಿಂದ ನಡೆಯುವ ಸಿರಿಮನೆಯಲ್ಲಿ ಬೆಳೆದು, ಆ ಪಾಪವನ್ನು ಕಣ್ಣಾರೆ ಕಂಡು ಹೇಸಿ, ಇಬ್ಬರೂ ಉತ್ತರದ ಫಿಲಡೆಲ್ಫಿಯಾ ಪಟ್ಟಣಕ್ಕೆ ಹೋಗಿ ಕ್ವೇಕರರಾದರು. 1836ರಲ್ಲಿ ಆ್ಯಂಜೆಲಿನಾ ದಕ್ಷಿಣದ ಸ್ತ್ರೀಯರಿಗೆ ಗುಲಾಮಗಿರಿಯ ವಿರುದ್ಧ ಒಂದು ವಿಜ್ಞಾಪನೆಯನ್ನು ಬರೆದಳು. ಗುಲಾಮಗಿರಿಯನ್ನು ದೂರದಿಂದ ಕೇಳಿದವರು ಉತ್ತರದಲ್ಲಿ ಬಹು ಮಂದಿ ಇದ್ದರು. ಗುಲಾಮರ ಒಡೆಯರ ಮಗಳೇ ಬಂದು ಸಾಕ್ಷಿ ನುಡಿಯುವದೆಂದರೆ ಅದರ ಬಲವೇ ಬೇರೆ. ಮೊದಲು ಹೆಂಗಸರ ಕೂಟಗಳಲ್ಲಿ ಮಾತ್ರ ಅವರು ಮಾತನಾಡಿದರು. 1837ರಲ್ಲಿ ಮ್ಯಾಸಚುಸೆಟ್ಸ್ ಪ್ರಾಂತದಲ್ಲಿ ಸಂಚಾರ ಹೊರಟಾಗ ಗಂಡಸರು ಒಬ್ಬಿಬ್ಬರಾಗಿ ಬಾಗಿಲ ಬಳಿ ನಿಂತು ಕೇಳತೊಡಗಿ, ಬರಬರುತ್ತ ಒಳಗೆ ಬಂದು ಆಸನಗಳಲ್ಲಿ ಕುಳಿತರು. ಹೀಗೆ ಯಾರೂ ಠರಾವು ಮಾಡದೆಯೇ ಸಭೆಗಳು ಮಿಶ್ರಸಭೆಗಳಾದವು. ಆರು ತಿಂಗಳೊಳಗಾಗಿ 60ಕ್ಕೂ ಮಿಕ್ಕಿದ ಊರುಗಳಲ್ಲಿ ಅವರ ಭಾಷಣಗಳಾದವು.

ಆಗ ಆ ಪ್ರಾಂತದ ಕಾಂಗ್ರಿಗೇಷನಲ್ ಪಂಥದ ಪಾದ್ರಿಗಳ ಮಹಾಮಂಡಲವು ಒಂದು ಧರ್ಮಪತ್ರಿಕೆಯನ್ನು ಹೊರಡಿಸಿತು. ಹೆಂಗಸಿನ ಬಲವು ಅವಳ ಪರಾಧೀನತೆಯಲ್ಲಿಯೇ ಇರುವದೆಂದೂ, ಚಪ್ಪರವನ್ನು ಆಶ್ರಯಿಸಿ ಬೆಳೆಯಬೇಕಾದ ಬಳ್ಳಿಯು ಮರದಂತೆ ಸ್ವತಂತ್ರವಾಗಿ ನಿಲ್ಲಹೋದರೆ ಫಲವನ್ನು ಕಳೆದುಕೊಳ್ಳುವದಲ್ಲದೆ ಮಣ್ಣುಗೂಡುವದೆಂದೂ ಅದರ ಸಾರಾಂಶ. ಸೋದರಿಯರ ಹೆಸರನ್ನು ಅದರಲ್ಲಿ ಎತ್ತಿರಲಿಲ್ಲ. ಎತ್ತುವ ಅವಶ್ಯಕತೆಯೂ ಇರಲಿಲ್ಲ. ಸಾರಾ ಇದಕ್ಕೆ ಪತ್ರರೂಪವಾಗಿ ಉತ್ತರವನ್ನು ಬರೆದಳು. ಅವು 1838ರಲ್ಲಿ ಸ್ತ್ರೀಪುರುಷ ಸಮಾನತೆಯನ್ನು ಕುರಿತ ಗ್ರಂಥವಾಗಿ ಪ್ರಕಟವಾದವು. ಪಾದ್ರಿಗಳು ಯಾವ ಧರ್ಮಗ್ರಂಥವನ್ನು ಹಿಡಿದು ಮೌನವನ್ನು ವಿಧಿಸಿದ್ದರೋ ಅದೇ ಗ್ರಂಥವನ್ನು ಹಿಡಿದು ಅವಳು ಆ ವಿಧಿಯನ್ನು ಖಂಡಿಸಿದಳು.

ಇಲ್ಲಿ ಒಂದು ಸಂಗತಿಯು ವಿಶೇಷವಾಗಿ ಗಮನಾರ್ಹವಾಗಿದೆ. ಅವರನ್ನು ತಡೆದವರು ವಿರೋಧಿಗಳು ಮಾತ್ರವೇ ಅಲ್ಲ. ಗುಲಾಮಗಿರಿಯ ಕಡುವೈರಿಗಳೂ ಸೋದರಿಯರ ಆತ್ಮೀಯರೂ ಆದ ಥಿಯೋಡರ್ ವೆಲ್ಡ್ ಮತ್ತು ಕವಿ ವಿಟಿಯರ್ ಇವರು, ಸ್ತ್ರೀಯರ ವಿಷಯವನ್ನು ಈಗ ಎತ್ತಬೇಡಿರಿ, ಗುಲಾಮರ ಕಾರ್ಯವು ಕೆಡುವದು ಎಂದು ಹಿತೋಪದೇಶ ಮಾಡಿದರು. ಅದಕ್ಕೆ ಆ್ಯಂಜೆಲಿನಾ ಕೊಟ್ಟ ಉತ್ತರದ ತಾತ್ಪರ್ಯವೇನೆಂದರೆ: ಈ ವರ್ಷ ಮಾತನಾಡುವ ಹಕ್ಕನ್ನು ಬಿಟ್ಟುಕೊಟ್ಟರೆ ಬರುವ ವರ್ಷ ಅರ್ಜಿ ಮಾಡುವ ಹಕ್ಕನ್ನೂ, ಅದರ ಮರುವರ್ಷ ಬರೆಯುವ ಹಕ್ಕನ್ನೂ ಬಿಟ್ಟುಕೊಡಬೇಕಾಗುವದು; ತಾನೇ ಬಾಯಿಕಟ್ಟಿಸಿಕೊಂಡ ಹೆಂಗಸು ಗುಲಾಮನಿಗಾಗಿ ಏನು ಮಾಡಬಲ್ಲಳು? ಸ್ತ್ರೀಸ್ವಾತಂತ್ರ್ಯದ ಆಂದೋಲನವು ಹುಟ್ಟಿದ ಕ್ಷಣವನ್ನು ತೋರಿಸಬೇಕಾದರೆ ಇದನ್ನೇ ತೋರಿಸಬಹುದು. ಆ ಸೋದರಿಯರು ತಮಗಾಗಿ ಏನನ್ನೂ ಬೇಡಲು ಹೊರಟಿರಲಿಲ್ಲ. ಪರರ ದುಃಖವನ್ನು ಹೇಳಹೋದಾಗ ತಮ್ಮ ಕಾಲಿಗೂ ಸಂಕೋಲೆಯಿರುವದು ಅವರಿಗೆ ತಿಳಿಯಿತು.

1838ನೆಯ ಇಸವಿ ಫೆಬ್ರುವರಿ 21ರಂದು ಆ್ಯಂಜೆಲಿನಾ ಮ್ಯಾಸಚುಸೆಟ್ಸ್ ಶಾಸನಸಭೆಯ ಕಮೀಟಿಯ ಮುಂದೆ ನಿಂತು ಮಾತನಾಡಿದಳು. ಅಮೇರಿಕೆಯಲ್ಲಿ ಶಾಸನಕರ್ತರ ಮುಂದೆ ಸ್ತ್ರೀಯೊಬ್ಬಳು ಭಾಷಣ ಮಾಡಿದ್ದು ಅದೇ ಮೊದಲು. ಅದೇ ವರ್ಷ ಮೇ 14ರಂದು ಫಿಲಡೆಲ್ಫಿಯಾದಲ್ಲಿ, ಮುಕ್ತಭಾಷಣಕ್ಕೆಂದೇ ಕಟ್ಟಿಸಿದ ಪೆನ್ಸಿಲ್ವೇನಿಯಾ ಹಾಲ್ ಎಂಬ ಭವ್ಯ ಸಭಾಗೃಹದ ಪ್ರಾರಂಭೋತ್ಸವವಾಯಿತು. ಮೇ 16ರ ರಾತ್ರಿ ಆ್ಯಂಜೆಲಿನಾ ಅಲ್ಲಿ ಮಾತನಾಡಲು ನಿಂತಾಗ ಹೊರಗೆ ನೆರೆದ ದೊಂಬಿಯವರು ಕಿಟಕಿಗಳಿಗೆ ಕಲ್ಲು ತೂರಿದರು. ಗಾಜು ಒಡೆಯುವ ಸಪ್ಪಳದಲ್ಲಿಯೇ ಅವಳು ಒಂದು ತಾಸಿನವರೆಗೆ ಭಾಷಣವನ್ನು ಮುಂದುವರಿಸಿದಳು. ಆ್ಯಬಿ ಕೆಲಿಯೆಂಬ ಯುವತಿಯು ಮಿಶ್ರಸಭೆಯಲ್ಲಿ ಮೊದಲ ಸಲ ಬಾಯಿ ತೆರೆದದ್ದೂ ಆ ರಾತ್ರಿಯೇ. ಮರುದಿನ ಬಿಳಿಯ ಮತ್ತು ಕರಿಯ ಸ್ತ್ರೀಯರು ಒಬ್ಬರ ಕೈಯನ್ನೊಬ್ಬರು ಹಿಡಿದು ಜನಸಂದಣಿಯ ನಡುವೆ ಹೊರಗೆ ನಡೆದರು. ಆ ರಾತ್ರಿ ದೊಂಬಿಯವರು ಸಭಾಗೃಹಕ್ಕೆ ಬೆಂಕಿಯಿಟ್ಟರು. ಬೆಂಕಿ ಆರಿಸುವವರು ಬಂದು ನೆರೆಯ ಕಟ್ಟಡಗಳಿಗೆ ಮಾತ್ರ ನೀರು ಹೊಯ್ದರು. ಪ್ರಾರಂಭೋತ್ಸವವಾದ ನಾಲ್ಕನೆಯ ದಿನಕ್ಕೆ ಆ ಮಂದಿರವು ಬೂದಿಯಾಗಿತ್ತು.

ಸೆನೆಕಾ ಫಾಲ್ಸ್ ಮತ್ತು ರೋಚೆಸ್ಟರ್

1840ರ ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ಗುಲಾಮಗಿರಿಯ ವಿರೋಧಿಗಳ ಜಾಗತಿಕ ಪರಿಷತ್ತು ಕೂಡಿದಾಗ, ಅಮೇರಿಕೆಯಿಂದ ಪ್ರತಿನಿಧಿಗಳಾಗಿ ಬಂದ ಸ್ತ್ರೀಯರನ್ನು ಅಂಗೀಕರಿಸದೆ, ಬೇರೆ ಕಡೆಗೆ ಕುಳಿತು ಕೇಳುವದಕ್ಕೆ ಮಾತ್ರ ಅಪ್ಪಣೆ ಕೊಟ್ಟರು. ಗ್ಯಾರಿಸನ್ನನು ಈ ಅನ್ಯಾಯಕ್ಕೆ ಮನನೊಂದು, ಪುರುಷಪ್ರತಿನಿಧಿಗಳ ಪೀಠವನ್ನು ಬಿಟ್ಟು ಮೇಲಿನ ಪಡಸಾಲೆಯಲ್ಲಿ ಕುಳಿತನು. ಆ ಪರಿಷತ್ತಿನಲ್ಲಿ ಲುಕ್ರೀಶಿಯಾ ಮಾಟಳಿಗೂ ನವವಿವಾಹಿತೆಯಾದ ಎಲಿಜಬೆತ್ ಕೇಡಿ ಸ್ಟ್ಯಾಂಟನ್ನಳಿಗೂ ಪರಿಚಯವಾಯಿತು. ಆ ಪರಿಚಯದ ಫಲವು ಎಂಟು ವರ್ಷಗಳ ಮೇಲೆ ಕಾಣಿಸಿತು. 1848ನೆಯ ಇಸವಿ ಜುಲೈ 19 ಮತ್ತು 20ರಂದು ನ್ಯೂಯಾರ್ಕ್ ಪ್ರಾಂತದ ಸೆನೆಕಾ ಫಾಲ್ಸ್ ಎಂಬ ಊರಿನ ವೆಸ್ಲಿಯನ್ ಪ್ರಾರ್ಥನಾಮಂದಿರದಲ್ಲಿ ಸ್ತ್ರೀಯರ ಹಕ್ಕುಗಳನ್ನು ಕುರಿತ ಪರಿಷತ್ತು ಕೂಡಿತು. ಸುಮಾರು 300 ಜನರು ನೆರೆದಿದ್ದರು. ಅವರಲ್ಲಿ 68 ಸ್ತ್ರೀಯರೂ 32 ಪುರುಷರೂ ಘೋಷಣಾಪತ್ರಕ್ಕೆ ಸಹಿ ಹಾಕಿದರು.

ಈ ಪರಿಷತ್ತು ಮತಾಧಿಕಾರದ ಠರಾವಿನಿಂದ ಪ್ರಸಿದ್ಧವಾಗಿದೆ. ಆ ಒಂದು ಠರಾವಿಗೆ ಮಾತ್ರ ಸಭೆಯು ಅನುಮಾನಿಸಿತೆಂಬದೂ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಮಹಾವಾಗ್ಮಿ ಫ್ರೆಡರಿಕ್ ಡಗ್ಲಸನು ಅದನ್ನು ಸಮರ್ಥಿಸಿ ಮಾತನಾಡಿದ ಮೇಲೆ ಅದು ಅಂಗೀಕೃತವಾಯಿತೆಂಬದೂ ಬಹುಜನರಿಗೆ ತಿಳಿದ ವಿಷಯ. ಆದರೆ ಅಲ್ಲಿಯ ಠರಾವುಗಳನ್ನು ಒಂದೊಂದಾಗಿ ಓದಿದರೆ ಮಾತಿನ ಹಕ್ಕಿಗೆ ಸಂಬಂಧಿಸಿದವು ಒಂದಲ್ಲ, ಹಲವಿರುವದು ಕಂಡುಬರುತ್ತದೆ. ಪುರುಷನು ಸ್ತ್ರೀಗೆ ನೀತಿಯಲ್ಲಿ ಹಿರಿಮೆಯನ್ನು ಒಪ್ಪುವದಾದರೆ ಧರ್ಮಸಭೆಗಳಲ್ಲಿ ಅವಳು ಮಾತನಾಡುವಂತೆ ಪ್ರೋತ್ಸಾಹಿಸುವದು ಅವನ ಕರ್ತವ್ಯವೆಂದು ಒಂದು ಠರಾವು ಹೇಳಿತು. ನಾಟಕದಲ್ಲಿ, ಸಂಗೀತ ಕಚೇರಿಯಲ್ಲಿ, ಸರ್ಕಸ್ಸಿನಲ್ಲಿ ಹೆಂಗಸರು ಕುಣಿದು ಹಾಡುವದನ್ನು ಹಣ ಕೊಟ್ಟು ನೋಡುವವರು, ಅದೇ ಹೆಂಗಸು ಸಭೆಯಲ್ಲಿ ವಿಚಾರದ ಮಾತನ್ನಾಡಿದರೆ ಮರ್ಯಾದೆ ಹೋಯಿತೆನ್ನುವದು ಶೋಭಿಸದೆಂದು ಇನ್ನೊಂದು ಠರಾವು ಚುಚ್ಚಿ ನುಡಿಯಿತು. ಧರ್ಮಪೀಠವು ಪುರುಷರ ಏಕಸ್ವಾಮ್ಯವಾಗಿರಬಾರದೆಂಬ ಮಾಟಳ ಠರಾವೂ ಅಂಗೀಕೃತವಾಯಿತು.

ಇಷ್ಟೆಲ್ಲ ಧೈರ್ಯವಿದ್ದರೂ ಆ ಸಭೆಗೆ ಅಧ್ಯಕ್ಷತೆ ವಹಿಸಲು ಯಾವ ಸ್ತ್ರೀಗೂ ಧೈರ್ಯವಾಗಲಿಲ್ಲ. ಲುಕ್ರೀಶಿಯಾಳ ಪತಿ ಜೇಮ್ಸ್ ಮಾಟನೇ ಆ ಕೆಲಸವನ್ನು ಮಾಡಬೇಕಾಯಿತು. ಎರಡು ವಾರಗಳ ಮೇಲೆ, ಆಗಸ್ಟ್ 2ರಂದು, ರೋಚೆಸ್ಟರ್ ಪಟ್ಟಣದಲ್ಲಿ ಪುನಃ ಸಭೆ ಕೂಡಿದಾಗ ಆ್ಯಬಿಗೇಲ್ ಬುಶ್ ಎಂಬವಳು ಅಧ್ಯಕ್ಷಪೀಠದಲ್ಲಿ ಕುಳಿತಳು. ಮಾಟ್, ಸ್ಟ್ಯಾಂಟನ್ ಇವರಿಗೇ ಅದು ಅತಿಸಾಹಸವೆನಿಸಿ ಮೊದಲು ವಿರೋಧಿಸಿದರು. ಸಭೆಯ ಹಿಂಬದಿಯಿಂದ ‘ಗಟ್ಟಿಯಾಗಿ, ಗಟ್ಟಿಯಾಗಿ’ ಎಂಬ ಕೂಗುಗಳು ಎದ್ದವು. ಆಗ ಬುಶ್ ಎದ್ದುನಿಂತು, ತುಳಿಯಲ್ಪಟ್ಟ ವರ್ಗದವರಾಗಿ ನಡುಗುವ ಮೈಯಿಂದಲೂ ತೊದಲುವ ನಾಲಗೆಯಿಂದಲೂ ತಾವು ಬಂದಿರುವದಾಗಿಯೂ, ಮೊದಮೊದಲು ಎಲ್ಲರಿಗೂ ಕೇಳುವಂತೆ ಮಾತನಾಡಲಾರದಿದ್ದರೆ ತಾಳ್ಮೆಯಿಂದಿರಬೇಕೆಂದೂ ವಿನಯದಿಂದ ಕೇಳಿಕೊಂಡಳು. ತಲೆತಲಾಂತರಗಳಿಂದ ಪಿಸುಗುಟ್ಟುವದನ್ನೇ ಸ್ತ್ರೀಧರ್ಮವೆಂದು ಕಲಿತ ಕಂಠಗಳು ದೊಡ್ಡ ಸಭಾಗೃಹವನ್ನು ತುಂಬಲು ಅಭ್ಯಾಸ ಬೇಕು. ಹಕ್ಕು ದೊರೆತೊಡನೆ ಶಕ್ತಿಯು ತಾನಾಗಿ ಬರುವದಿಲ್ಲ. ಆದರೂ ಆ ದಿನದ ಸಭೆಯು ಕೊನೆಯವರೆಗೆ ಸುಸೂತ್ರವಾಗಿ ನಡೆಯಿತು. 1850ರ ಅಕ್ಟೋಬರದಲ್ಲಿ ವೂಸ್ಟರ್ ಪಟ್ಟಣದಲ್ಲಿ ಮೊದಲನೆಯ ರಾಷ್ಟ್ರೀಯ ಪರಿಷತ್ತು ಕೂಡಿದಾಗ ಸ್ತ್ರೀಯೇ ಅಧ್ಯಕ್ಷೆಯಾಗಬೇಕೆಂಬಲ್ಲಿ ಯಾರಿಗೂ ಸಂದೇಹವಿರಲಿಲ್ಲ.

ಊರೂರಿನ ಸಂಚಾರ

ಓಬರ್ಲಿನ್ ವಿದ್ಯಾಪೀಠವು ಸ್ತ್ರೀಯರಿಗೂ ಪದವಿಯನ್ನು ಕೊಡುತ್ತಿದ್ದ ಉದಾರಸಂಸ್ಥೆ. ಆದರೂ ಅಲ್ಲಿ ವಿದ್ಯಾರ್ಥಿನಿಯರು ವಾದಸಭೆಗಳಲ್ಲಿ ಕೇಳುಗರಾಗಿರಬೇಕಲ್ಲದೆ ಮಾತನಾಡತಕ್ಕದ್ದಲ್ಲ. ಪದವೀದಾನದ ದಿನ ಅವರು ಬರೆದ ಪ್ರಬಂಧವನ್ನು ಅಧ್ಯಾಪಕನು ಓದತಕ್ಕದ್ದು. ಲೂಸಿ ಸ್ಟೋನಳು ತನ್ನ ಪ್ರಬಂಧವನ್ನು ತಾನೇ ಓದುವಂತಿಲ್ಲವಾದರೆ ಬರೆಯುವದೇ ಇಲ್ಲವೆಂದು ಹಠಹಿಡಿದು, ಬರೆಯದೆ 1847ರಲ್ಲಿ ಪದವಿಯನ್ನು ಪಡೆದಳು. ಅವಳೂ ಅವಳ ಗೆಳತಿ ಆಂಟೊಯ್ನೆಟ್ ಬ್ರೌನಳೂ ಯಾರಿಗೂ ತಿಳಿಯದಂತೆ ಗುಪ್ತವಾಗಿ ಕೂಡಿ ವಾದವಿವಾದವನ್ನು ಅಭ್ಯಾಸ ಮಾಡುತ್ತಿದ್ದರು. ಗುಲಾಮಗಿರಿಯ ವಿರೋಧೀಸಂಘವು ಲೂಸಿಯನ್ನು ಉಪನ್ಯಾಸಕಿಯನ್ನಾಗಿ ನೇಮಿಸಿತು. ಅವಳು ಪ್ರತಿಯೊಂದು ಭಾಷಣದಲ್ಲಿಯೂ ಸ್ತ್ರೀಯರ ವಿಷಯವನ್ನು ಸೇರಿಸುತ್ತಾಳೆಂದು ಸಂಘದವರು ಆಕ್ಷೇಪಿಸಿದಾಗ, ವಾರದ ಕೊನೆಯ ಎರಡು ದಿನ ಗುಲಾಮರಿಗಾಗಿಯೂ ಮಿಕ್ಕ ದಿನಗಳಲ್ಲಿ ತನ್ನ ಹೊಣೆಯ ಮೇಲೆ ಸ್ತ್ರೀಯರಿಗಾಗಿಯೂ ಮಾತನಾಡುವದೆಂದು ಗೊತ್ತಾಯಿತು. ಊರಿಗೆ ಬಂದ ಕೂಡಲೇ ಜಾಹೀರಾತುಗಳನ್ನು ತಾನೇ ಗೋಡೆಗಳಿಗೆ ಅಂಟಿಸುವದು, ಹುಡುಗರು ಅವನ್ನು ಕೀಳುವದು, ಸಂಜೆಗೆ ಭಾಷಣ. ಹೀಗೆ ಅವಳ ಸಂಚಾರ ನಡೆಯಿತು. ಒಮ್ಮೆ ಚಳಿಗಾಲದಲ್ಲಿ ಕಿಟಕಿಯಿಂದ ಕೊಳವೆಯನ್ನು ತೂರಿ ಅವಳ ಮೈಮೇಲೆ ತಣ್ಣೀರನ್ನು ಸುರಿಸಿದರೆಂದೂ, ಅವಳು ಶಾಲನ್ನು ಹೊದ್ದುಕೊಂಡು ಮಾತನ್ನು ಮುಂದುವರಿಸಿದಳೆಂದೂ ಅವಳ ಮಗಳು ಬರೆದ ಚರಿತ್ರೆಯಲ್ಲಿದೆ.

ಬ್ರೌನಳು 1853ರಲ್ಲಿ ನ್ಯೂಯಾರ್ಕ್ ಪ್ರಾಂತದ ಸೌತ್ ಬಟ್ಲರ್ ಎಂಬಲ್ಲಿ ಧರ್ಮೋಪದೇಶಕಿಯಾಗಿ ದೀಕ್ಷೆಯನ್ನು ಹೊಂದಿದಳು. ಅದೇ ತಿಂಗಳಲ್ಲಿ ನ್ಯೂಯಾರ್ಕ್ ನಗರದ ಪಾನನಿಷೇಧ ಪರಿಷತ್ತಿನಲ್ಲಿ ಅವಳು ಪ್ರತಿನಿಧಿಯಾಗಿ ಎದ್ದುನಿಂತಾಗ, ನೆರೆದ ಪಾದ್ರಿಗಳೂ ಸಜ್ಜನರೂ ಗದ್ದಲವೆಬ್ಬಿಸಿ ಒಂದು ಮಾತನ್ನೂ ಆಡಗೊಡಲಿಲ್ಲ.

ಈ ಕಾಲದ ಭಾಷಣಗಳಲ್ಲೆಲ್ಲ ಬಹಳ ಖ್ಯಾತಿವೆತ್ತದ್ದು ಸೋಜರ್ನರ್ ಟ್ರೂತ್ ಎಂಬ ಕರಿಯ ಮಹಿಳೆಯು 1851ನೆಯ ಇಸವಿ ಮೇ 29ರಂದು ಓಹಾಯೋ ಪ್ರಾಂತದ ಆ್ಯಕ್ರನ್ ಪಟ್ಟಣದಲ್ಲಿ ಮಾಡಿದ್ದು. ನ್ಯೂಯಾರ್ಕ್ ಪ್ರಾಂತದ ಅಲ್‌ಸ್ಟರ್ ಜಿಲ್ಲೆಯಲ್ಲಿ ಡಚ್ಚರ ಮನೆಯಲ್ಲಿ ಗುಲಾಮಳಾಗಿ ಹುಟ್ಟಿದ ಇವಳಿಗೆ ಓದುಬರಹ ತಿಳಿಯದು. ಬಾಲ್ಯದ ಭಾಷೆ ಡಚ್ಚು. ಗಂಡಸಿನಂತೆ ತಾನೂ ಉತ್ತಿದ್ದೇನೆ, ಕೊಯ್ದಿದ್ದೇನೆ, ಸುಲಿದಿದ್ದೇನೆ ಎಂದು ತನ್ನ ತೋಳ್ಬಲವನ್ನೇ ಪ್ರಮಾಣವಾಗಿ ತೋರಿಸಿ, ಸ್ತ್ರೀಯು ಅಬಲೆಯೆಂಬ ವಾದವನ್ನು ಅವಳು ಅಡಗಿಸಿದಳು. ಈ ಭಾಷಣದ ಎರಡು ವರದಿಗಳಿವೆ. ಒಂದು, ಸಭೆಯಾದ ಮೂರು ವಾರಗಳಲ್ಲಿಯೇ ಅಲ್ಲಿದ್ದ ಪತ್ರಕರ್ತ ಮರಿಯಸ್ ರಾಬಿನ್ಸನ್ನನು ಅಚ್ಚು ಮಾಡಿದ್ದು. ಇನ್ನೊಂದು, ಆ ಸಭೆಯ ಅಧ್ಯಕ್ಷೆಯಾದ ಫ್ರಾನ್ಸೆಸ್ ಗೇಜಳು ಹನ್ನೆರಡು ವರ್ಷಗಳ ಮೇಲೆ, 1863ರಲ್ಲಿ, ಬರೆದದ್ದು. ಲೋಕದ ಬಾಯಲ್ಲಿ ಉಳಿದದ್ದು ಎರಡನೆಯದು. ಅದರಲ್ಲಿ ಪದೇಪದೇ ಬರುವ ಪ್ರಶ್ನೆಯು ಮೊದಲನೆಯ ವರದಿಯಲ್ಲಿ ಒಮ್ಮೆಯೂ ಇಲ್ಲ. ಅದರಲ್ಲಿಯ ದಕ್ಷಿಣದೇಶದ ಗುಲಾಮರ ಆಡುನುಡಿಯು ಡಚ್ಚು ಮಾತನಾಡಿ ಬೆಳೆದ ಉತ್ತರದ ಹೆಂಗಸಿನದಾಗಿರುವದು ಸಂಭವನೀಯವಲ್ಲ. ಅದರಲ್ಲಿ ಹೇಳಿದ ಹದಿಮೂರು ಮಕ್ಕಳ ಲೆಕ್ಕವೂ ಅವಳ ಜೀವನಚರಿತ್ರೆಗೆ ಹೊಂದುವದಿಲ್ಲ. ತಾನು ಬರೆಯಲಾರದವರ ಮಾತು ಬರೆಯಬಲ್ಲವರ ಕೈಯಲ್ಲಿ ಸಿಕ್ಕಿ ರೂಪಾಂತರ ಹೊಂದುವದಕ್ಕೆ ಇದು ದೃಷ್ಟಾಂತ. ಮಾತನಾಡುವ ಹಕ್ಕಿನ ಜೊತೆಗೆ, ಆಡಿದ ಮಾತು ಆಡಿದಂತೆಯೇ ಉಳಿಯುವ ಹಕ್ಕೂ ಬೇಕೆಂಬದನ್ನು ಚರಿತ್ರಕಾರರು ಈ ಒಂದು ಪ್ರಸಂಗದಿಂದ ಕಲಿತಿದ್ದಾರೆ.

ಮಾತಿನಿಂದ ಕಾಯದೆಗೆ

ಈ ಭಾಷಣಗಳಿಂದ ಆದ ಪ್ರಯೋಜನವೇನೆಂದು ಕೇಳುವವರಿಗೆ ನ್ಯೂಯಾರ್ಕ್ ಪ್ರಾಂತದ ಕಾಯದೆಗಳೇ ಉತ್ತರ ಹೇಳುತ್ತವೆ. ಪೋಲೆಂಡಿನಿಂದ ಬಂದ ಅರ್ನೆಸ್ಟಿನ್ ರೋಜಳು 1836ರಲ್ಲಿ ವಿವಾಹಿತೆಯರ ಆಸ್ತಿಯ ಹಕ್ಕಿಗಾಗಿ ಅರ್ಜಿಯನ್ನು ಹಿಡಿದು ಮನೆಮನೆ ತಿರುಗಿದಾಗ ತಿಂಗಳುಗಟ್ಟಲೆ ಶ್ರಮಕ್ಕೆ ದೊರೆತ ಸಹಿಗಳು 5. ಹನ್ನೆರಡು ವರ್ಷಗಳ ಉಪನ್ಯಾಸ, ಅರ್ಜಿಗಳ ಮೇಲೆ, 1848ರಲ್ಲಿ, ವಿವಾಹಿತೆಯು ತನ್ನ ಆಸ್ತಿಗೆ ತಾನೇ ಒಡತಿಯೆಂಬ ಕಾಯದೆಯಾಯಿತು.

ಮುಂದಿನ ಕಾರ್ಯವು ಸ್ಟ್ಯಾಂಟನ್ ಮತ್ತು ಸೂಸಾನ್ ಆಂಥನಿ ಇವರೀರ್ವರ ಕೂಡುದುಡಿಮೆ. 1852ರಲ್ಲಿ ಆಲ್ಬನಿಯ ಪಾನನಿಷೇಧ ಸಭೆಯಲ್ಲಿ ಮಾತನಾಡಲು ಎದ್ದ ಆಂಥನಿಗೆ, ಸೋದರಿಯರನ್ನು ಕರೆದದ್ದು ಕೇಳಿ ಕಲಿಯುವದಕ್ಕೆ ಎಂಬ ಉತ್ತರ ಸಿಕ್ಕಿತ್ತು. 1853ರಲ್ಲಿ ರೋಚೆಸ್ಟರಿನ ಉಪಾಧ್ಯಾಯರ ಪರಿಷತ್ತಿನಲ್ಲಿ ನೆರೆದವರಲ್ಲಿ ಹೆಚ್ಚಿನವರು ಹೆಂಗಸರು. ಮಾತನಾಡುವವರು ಗಂಡಸರು ಮಾತ್ರ. ಉಪಾಧ್ಯಾಯರಿಗೆ ವಕೀಲ, ವೈದ್ಯರಷ್ಟು ಗೌರವವೇಕಿಲ್ಲವೆಂಬದು ಚರ್ಚೆಯ ವಿಷಯ. ಆಂಥನಿ ಎದ್ದು ನಿಂತಳು. ಅವಳಿಗೆ ಅನುಮತಿ ಕೊಡಬಹುದೇ ಎಂದು ಗಂಡಸರು ಅರ್ಧ ತಾಸು ವಾದಿಸಿದರು. ಅಷ್ಟು ಹೊತ್ತೂ ಅವಳು ನಿಂತೇ ಇದ್ದಳು. ಅಪ್ಪಣೆಯಾದ ಮೇಲೆ ಅವಳು ಹೇಳಿದ್ದಿಷ್ಟು: ವಕೀಲೆಯೋ ವೈದ್ಯೆಯೋ ಆಗುವಷ್ಟು ಬುದ್ಧಿ ಸ್ತ್ರೀಗಿಲ್ಲ, ಉಪಾಧ್ಯಾಯಿನಿಯಾಗುವಷ್ಟು ಮಾತ್ರ ಇದೆ ಎಂದು ಸಮಾಜವು ಎಣಿಸುವವರೆಗೆ, ಈ ವೃತ್ತಿಯನ್ನು ಹಿಡಿದ ಪ್ರತಿಯೊಬ್ಬ ಪುರುಷನೂ ತನ್ನ ಬುದ್ಧಿ ಸ್ತ್ರೀಯ ಬುದ್ಧಿಗಿಂತ ಹೆಚ್ಚಲ್ಲವೆಂದು ಒಪ್ಪಿದಂತೆಯೇ ಅಲ್ಲವೇ?

ಸ್ಟ್ಯಾಂಟನ್ನಳು ಏಳು ಮಕ್ಕಳ ತಾಯಿ. ಮನೆಯನ್ನು ಬಿಟ್ಟು ಹೊರಡುವದು ಕಷ್ಟ. ಆಂಥನಿ ಅವಿವಾಹಿತೆ. ಒಬ್ಬಳು ಬರೆದಳು, ಒಬ್ಬಳು ನುಡಿದಳು. ಸ್ಟ್ಯಾಂಟನ್ನಳ ಮಕ್ಕಳನ್ನು ಆಂಥನಿ ನೋಡಿಕೊಳ್ಳುತ್ತಿರುವಾಗ ಭಾಷಣಗಳು ಸಿದ್ಧವಾದವು. 1854ರಲ್ಲಿಯೂ 1860ರಲ್ಲಿಯೂ ಸ್ಟ್ಯಾಂಟನ್ನಳೇ ಆಲ್ಬನಿಗೆ ಹೋಗಿ ಶಾಸನಕರ್ತರ ಮುಂದೆ ಮಾತನಾಡಿದಳು. 1860ರ ಕಾಯದೆಯಿಂದ ವಿವಾಹಿತೆಗೆ ತನ್ನ ಗಳಿಕೆಯ ಮೇಲೆ ಅಧಿಕಾರವೂ, ದಾವೆ ಹೂಡುವ ಹಕ್ಕೂ, ಮಕ್ಕಳ ಪಾಲಕತ್ವದಲ್ಲಿ ಸಮಭಾಗವೂ ದೊರೆತವು. ಆದರೆ ಮರುವರ್ಷ ಅಂತರ್ಯುದ್ಧವು ಆರಂಭವಾಯಿತು. ದೇಶಹಿತಕ್ಕಾಗಿ ಸ್ತ್ರೀಯರು ತಮ್ಮ ಪರಿಷತ್ತುಗಳನ್ನು ನಿಲ್ಲಿಸಿದರು. ಆ ಮೌನದ ಕಾಲದಲ್ಲಿಯೇ, 1862ರಲ್ಲಿ, ಅದೇ ಶಾಸನಸಭೆಯು ಪಾಲಕತ್ವದ ಸಮಭಾಗವನ್ನು ಸದ್ದಿಲ್ಲದೆ ತೆಗೆದುಹಾಕಿತು. ಮಾತಿನಿಂದ ಬಂದದ್ದು ಮಾತು ನಿಂತೊಡನೆ ಹೋಯಿತು.

ಯುದ್ಧಕಾಲದಲ್ಲಿ ಇವರು ಗುಲಾಮರ ಪೂರ್ಣ ವಿಮೋಚನೆಗಾಗಿ ಸುಮಾರು 4,00,000 ಸಹಿಗಳನ್ನು ಕೂಡಿಸಿದರು. 1864ನೆಯ ಇಸವಿ ಜನವರಿ 16ರಂದು ಆನಾ ಡಿಕಿನ್ಸನ್ ಎಂಬ 21 ವರ್ಷದ ತರುಣಿಯು ವಾಶಿಂಗ್ಟನ್ನಿನ ಪ್ರತಿನಿಧಿಸಭೆಯ ಮಂದಿರದಲ್ಲಿಯೇ ಭಾಷಣ ಮಾಡಿದಳು. ಅಧ್ಯಕ್ಷ ಲಿಂಕನ್ನನೂ ಬಂದು ಕೇಳಿದನು. ಯುದ್ಧಾನಂತರ ಉಪನ್ಯಾಸಗಳನ್ನು ಏರ್ಪಡಿಸುವ ಸಂಸ್ಥೆಗಳು ಹುಟ್ಟಿ, ಸ್ತ್ರೀಯರ ಭಾಷಣಕ್ಕೆ ಜನರು ಹಣ ಕೊಟ್ಟು ಬರತೊಡಗಿದರು. ಸ್ಟ್ಯಾಂಟನ್ನಳು ವರ್ಷಕ್ಕೆ ಎಂಟು ತಿಂಗಳು ರೈಲುಗಾಡಿಯಲ್ಲಿಯೂ ಹಿಮದಲ್ಲಿಯೂ ಸಂಚರಿಸಿ, ಆ ಸಂಪಾದನೆಯಿಂದ ಮಕ್ಕಳನ್ನು ಓದಿಸಿದಳು. ಮಾತು ಸ್ತ್ರೀಗೆ ಹೊಟ್ಟೆಯ ದಾರಿಯೂ ಆಯಿತು.

ಒಡಕು ಮತ್ತು ನ್ಯಾಯಸ್ಥಾನ

ಈ ವೇದಿಕೆಯಲ್ಲಿ ಎಲ್ಲರ ಧ್ವನಿಗೂ ಒಂದೇ ಬೆಲೆಯಿತ್ತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. 1866ರಲ್ಲಿ ನ್ಯೂಯಾರ್ಕಿನಲ್ಲಿ ಕೂಡಿದ ಪರಿಷತ್ತಿನಲ್ಲಿ ಕರಿಯ ಜನಾಂಗದ ಕವಯಿತ್ರಿ ಫ್ರಾನ್ಸೆಸ್ ಹಾರ್ಪರಳು ತನ್ನ ಗಂಡನು ಸತ್ತಾಗ ಸಾಲಕ್ಕಾಗಿ ಅಧಿಕಾರಿಯು ಮನೆಯೊಳಗಿನ ಹಾಲಿನ ಗಡಿಗೆಗಳನ್ನೂ ಸಹ ಹೊತ್ತೊಯ್ದುದನ್ನು ವಿವರಿಸಿ, ಈ ಅನ್ಯಾಯವು ಹೆಣ್ಣಿಗೆ ಹೆಣ್ಣಾದುದಕ್ಕಾಗಿ ಆಗುತ್ತಿರುವದೆಂದು ಒಪ್ಪಿದಳು. ಆದರೆ, ನೀವು ನಿಮ್ಮ ಹಕ್ಕುಗಳನ್ನು ಕುರಿತು ಮಾತನಾಡುವಿರಿ, ನಾನು ಅನ್ಯಾಯಗಳನ್ನು ಕುರಿತು ಮಾತನಾಡುತ್ತೇನೆ ಎಂಬ ಭಾವದಿಂದ, ಟ್ರಾಮಿನಲ್ಲಿಯೂ ರೈಲಿನಲ್ಲಿಯೂ ಕರಿಯ ಹೆಂಗಸರಿಗಾಗುವ ಅವಮಾನವನ್ನು ಆ ಸಭೆಗೆ ನೆನಪಿಗೆ ತಂದಳು. ಕರಿಯ ಪುರುಷರಿಗೆ ಮೊದಲು ಮತಾಧಿಕಾರ ಬರುವದನ್ನು ಒಪ್ಪಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲಿ 1869ರಲ್ಲಿ ಆಂದೋಲನವು ಎರಡು ಸಂಘಗಳಾಗಿ ಒಡೆಯಿತು. ಸ್ಟ್ಯಾಂಟನ್ ಮತ್ತು ಆಂಥನಿ ಒಂದು ಕಡೆಗೆ, ಲೂಸಿ ಸ್ಟೋನ್ ಇನ್ನೊಂದು ಕಡೆಗೆ. ಆ ವಾದದಲ್ಲಿ ಸ್ಟ್ಯಾಂಟನ್ನಳು ಕರಿಯರನ್ನೂ ಪರದೇಶಸ್ಥರನ್ನೂ ಕುರಿತು ಆಡಿದ ಕೆಲವು ತಿರಸ್ಕಾರದ ಮಾತುಗಳು ಅವಳ ಕೀರ್ತಿಗೆ ಕಲಂಕವಾಗಿ ಉಳಿದಿವೆ. ಎರಡೂ ಸಂಘಗಳು ಪುನಃ ಕೂಡಿದ್ದು 1890ರಲ್ಲಿ.

1872ನೆಯ ಇಸವಿ ನವಂಬರ 5ರಂದು ಆಂಥನಿಯು ರೋಚೆಸ್ಟರಿನಲ್ಲಿ ಮತವನ್ನು ಹಾಕಿ, ಆ ಅಪರಾಧಕ್ಕಾಗಿ ದಸ್ತಗಿರಿಯಾದಳು. ವಿಚಾರಣೆಯು ನಡೆಯುವ ಮೊದಲು ಅವಳು ಆ ಜಿಲ್ಲೆಯ 29 ಅಂಚೆವಿಭಾಗಗಳಲ್ಲಿಯೂ ಸಂಚರಿಸಿ, ಸಂಯುಕ್ತ ಸಂಸ್ಥಾನಗಳ ಪ್ರಜೆಯು ಮತ ಹಾಕುವದು ಅಪರಾಧವೇ ಎಂದು ಕೇಳಿದಳು. ಪಂಚರ ಮನಸ್ಸು ತಿರುಗೀತೆಂದು ಸರಕಾರದವರು ವಿಚಾರಣೆಯನ್ನು ನೆರೆಯ ಜಿಲ್ಲೆಗೆ ಸಾಗಿಸಿದರು. ಅವಳು ಅಲ್ಲಿಯೂ 21 ಕಡೆಗೆ ಮಾತನಾಡಿದಳು. ಅವಳ ಗೆಳತಿ ಮಟಿಲ್ಡಾ ಗೇಜಳು 16 ಕಡೆಗೆ ಮಾತನಾಡಿದಳು. 1873ರ ಜೂನದಲ್ಲಿ ನ್ಯಾಯಾಧೀಶ ವಾರ್ಡ್ ಹಂಟನು ಪಂಚರ ಅಭಿಪ್ರಾಯವನ್ನೇ ಕೇಳದೆ, ಅಪರಾಧಿಯೆಂದು ನಿರ್ಣಯಿಸುವಂತೆ ಅವರಿಗೆ ಅಪ್ಪಣೆ ಕೊಟ್ಟನು. ಬಳಿಕ ರೂಢಿಯಂತೆ, ಹೇಳುವದೇನಾದರೂ ಉಂಟೇ ಎಂದು ಅವಳನ್ನು ಕೇಳಿದನು. ಅವಳಿಗೆ ಹೇಳುವದು ಬಹಳವಿತ್ತು. ಕುಳಿತುಕೊಳ್ಳೆಂದು ಮತ್ತೆಮತ್ತೆ ಆಜ್ಞಾಪಿಸಿದರೂ ಅವಳು ನಿಂತೇ ಮಾತನಾಡಿದಳು. ವಿಧಿಸಿದ 100 ಡಾಲರು ದಂಡವನ್ನು ಅವಳು ಕೊನೆಯವರೆಗೂ ಕೊಡಲಿಲ್ಲ.

ಕನ್ನಡನಾಡಿನ ಸಂಬಂಧ

ಪೆನ್ಸಿಲ್ವೇನಿಯಾ ಹಾಲು ಸುಟ್ಟುಹೋದ 48 ವರ್ಷಗಳ ಮೇಲೆ, 1886ರಲ್ಲಿ, ಅದೇ ಫಿಲಡೆಲ್ಫಿಯಾ ಪಟ್ಟಣಕ್ಕೆ ಭಾರತದಿಂದ ಒಬ್ಬ ವಿಧವೆಯು ಬಂದಳು. ಸಹ್ಯಾದ್ರಿಯ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯೇ ಅವಳು. ತಂದೆ ಅನಂತಶಾಸ್ತ್ರಿಗಳು ಕಾರ್ಕಳದ ಬಳಿಯ ಮಾಳ ಗ್ರಾಮದವರು. ಹೆಂಡತಿಗೆ ಸಂಸ್ಕೃತವನ್ನು ಕಲಿಸಿದರೆಂಬ ಕಾರಣಕ್ಕೆ ಸ್ವಜನರ ನಿಷ್ಠುರವನ್ನು ಕಟ್ಟಿಕೊಂಡವರು. ಕುಟುಂಬವು ತೀರ್ಥದಿಂದ ತೀರ್ಥಕ್ಕೆ ಪುರಾಣ ಹೇಳುತ್ತ ಸಂಚರಿಸುವಾಗ ರಮಾಬಾಯಿಗೆ ಸಭೆಯ ಮುಂದೆ ಕುಳಿತು ಮಾತನಾಡುವ ಅಭ್ಯಾಸವು ಬಾಲ್ಯದಿಂದಲೇ ಆಯಿತು. 1878ರಲ್ಲಿ ಕಲಕತ್ತೆಯ ಪಂಡಿತರು ಅವಳ ವಿದ್ವತ್ತಿಗೆ ಮೆಚ್ಚಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. 1882ರಲ್ಲಿ ಪುಣೆಯಲ್ಲಿ ಅವಳು ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯವನ್ನು ನುಡಿದು, ಸ್ತ್ರೀಯರಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ವಾದಿಸಿದಳು.

ಆನಂದೀಬಾಯಿ ಜೋಶಿಯ ವೈದ್ಯಪದವಿಯ ಸಮಾರಂಭಕ್ಕೆಂದು ಬಂದವಳು ಅಮೇರಿಕೆಯಲ್ಲಿ ಎರಡು ವರ್ಷಕ್ಕೂ ಮಿಕ್ಕಿ ನಿಂತು, ಪಟ್ಟಣ ಪಟ್ಟಣಗಳಲ್ಲಿ ಭಾರತದ ಬಾಲವಿಧವೆಯರ ಸ್ಥಿತಿಯನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟಳು. 1887ರಲ್ಲಿ ಅವಳ ಗ್ರಂಥವು ಫಿಲಡೆಲ್ಫಿಯಾದಲ್ಲಿ ಪ್ರಕಟವಾಯಿತು. ಅದೇ ವರ್ಷ ಬೋಸ್ಟನ್ನಿನಲ್ಲಿ ಅವಳ ಕಾರ್ಯಕ್ಕೆ ಧನಸಹಾಯ ಮಾಡುವ ಸಂಘವು ಸ್ಥಾಪಿತವಾಯಿತು. 1889ನೆಯ ಇಸವಿ ಮಾರ್ಚ್ 11ರಂದು ಮುಂಬಯಿಯಲ್ಲಿ ತೆರೆದ ಶಾರದಾಸದನವು ಆ ಭಾಷಣಗಳ ಫಲ. ಗ್ರಿಮ್ಕೆಯರಿಗೆ ಕಲ್ಲು ತೂರಿದ ಪಟ್ಟಣದಲ್ಲಿ ಅರ್ಧ ಶತಮಾನದೊಳಗೆ ಪರದೇಶದ ವಿಧವೆಯೊಬ್ಬಳ ಮಾತನ್ನು ಜನರು ಆದರದಿಂದ ಕೇಳಿದರೆಂದರೆ, ನಡುವೆ ನಿಂತು ಮಾತನಾಡಿದವರ ಶ್ರಮವು ವ್ಯರ್ಥವಾಗಲಿಲ್ಲವೆಂಬದು ಸ್ಪಷ್ಟ.

ಸಿಂಹಾವಲೋಕನ

ಅಮೇರಿಕೆಯ ರಾಜ್ಯಘಟನೆಯ 19ನೆಯ ತಿದ್ದುಪಡಿಯಿಂದ ಲಿಂಗಭೇದದ ಮೂಲಕ ಮತಾಧಿಕಾರವನ್ನು ನಿರಾಕರಿಸಬಾರದೆಂದು ವಿಧಿಯಾದದ್ದು 1920ರ ಆಗಸ್ಟಿನಲ್ಲಿ. ಲೂಸಿ ಸ್ಟೋನಳು 1893ರಲ್ಲಿ, ಸ್ಟ್ಯಾಂಟನ್ನಳು 1902ರಲ್ಲಿ, ಆಂಥನಿಯು 1906ರಲ್ಲಿ ತೀರಿಕೊಂಡಿದ್ದರು. ಸೆನೆಕಾ ಫಾಲ್ಸಿನಲ್ಲಿ ಸಹಿ ಹಾಕಿದವರಲ್ಲಿ ಬದುಕಿ ಉಳಿದಿದ್ದ ಒಬ್ಬಳೇ ವೃದ್ಧೆ ಶಾರ್ಲಟ್ ವುಡ್ವರ್ಡಳಿಗೆ ಅನಾರೋಗ್ಯದಿಂದ ಮತಗಟ್ಟೆಗೆ ಹೋಗಲಾಗಲಿಲ್ಲ. ದಕ್ಷಿಣದ ಕರಿಯ ಸ್ತ್ರೀಯರಲ್ಲಿ ಬಹುಮಂದಿಗೆ ಆ ಹಕ್ಕು ಕಾರ್ಯತಃ ದೊರೆಯಲು 1965ರ ಕಾಯದೆಯವರೆಗೆ ಕಾಯಬೇಕಾಯಿತು. ಮರಿಯಾ ಸ್ಟೂವರ್ಟಳು ಬೋಸ್ಟನ್ನಿನಲ್ಲಿ ನಿಂತು ಮಾತನಾಡಿ ಆಗಲೇ 133 ವರ್ಷಗಳಾಗಿದ್ದವು.

ಮತಾಧಿಕಾರದ ಫಲವನ್ನು ಉಂಡವರು ಬೇರೆ. ಬೀಜ ಬಿತ್ತಿದವರು ಬೇರೆ. ಬಿತ್ತಿದವರಿಗೆ ಬೆಳೆ ದೊರೆಯದಿದ್ದರೂ ಅವರ ಕೈಗೆ ಬಂದ ಲಾಭವೊಂದುಂಟು. ಕೇಳುವದಕ್ಕೆ ಮಾತ್ರವೇ ಕರೆಯಲ್ಪಟ್ಟವರು ಕೇಳಿಸುವವರಾದರು. ನಡುಗುವ ಮೈಯಿಂದಲೂ ತೊದಲುವ ನಾಲಗೆಯಿಂದಲೂ ಆರಂಭವಾದ ಆ ನುಡಿಯು ಕಲ್ಲಿಗೂ ಬೆಂಕಿಗೂ ತಣ್ಣೀರಿಗೂ ನ್ಯಾಯಾಧೀಶನ ಆಜ್ಞೆಗೂ ನಿಲ್ಲದೆ ನಡೆಯಿತು. ನುಡಿಗೆ ನಡೆಯು ಬೆಂಬಲವಾಗಿರಬೇಕೆಂಬದು ಸರ್ವರೂ ಬಲ್ಲ ನೀತಿ. ಆ ಸ್ತ್ರೀಯರ ವಿಷಯದಲ್ಲಿಯಾದರೋ ಸಭೆಯಲ್ಲಿ ಎದ್ದುನಿಂತು ನುಡಿಯುವದೇ ಅವರ ನಡೆಯಾಗಿದ್ದಿತು. ಇಂದು ಸಭೆಯಲ್ಲಿ ನಿಶ್ಶಂಕೆಯಿಂದ ಎದ್ದು ಮಾತನಾಡುವ ಹೆಣ್ಣುಮಗಳು ಆ ಋಣವನ್ನು ತೀರಿಸುವ ಬಗೆಯೂ ಅದರಲ್ಲಿಯೇ ಇದೆ. ತನ್ನ ಪಕ್ಕದಲ್ಲಿ ಇನ್ನೂ ಮೌನವಾಗಿ ಕುಳಿತವರಿಗೆ ಎಡೆಮಾಡಿ ಕೊಡುವದೇ ಆ ಋಣದ ಪರಿಹಾರ.